ಖಾಲಿ ಮನೆಯ ಲೆಕ್ಕ

ನಪಾರಿ, ನಿನ್ನ ದೂರು ಬಂದಾಗ
ತಾರ್ತುವಿನಲ್ಲಿ ರಾತ್ರಿ ಹನ್ನೊಂದು, ಜೂನ್ ತಿಂಗಳು,
ಕತ್ತಲೆಗೆ ಇನ್ನೂ ಬರಲು ಮನಸ್ಸಿಲ್ಲ.
ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಧಗೆ.
ರೈ ರೊಟ್ಟಿಯ ತುದಿ ಕಚ್ಚುತ್ತ
ಓದಿದೆ ನಿನ್ನ ನಾಲ್ಕು ಸಾಲು:

ಮೇಡಂ, ನಿಮ್ಮ ಪ್ರೋಗ್ರಾಮು ನಮ್ಮ ಮಕ್ಕಳನ್ನು ಸೊರಗಿಸುತ್ತಿದೆ.
ಪಟ್ಟಿಯಲ್ಲಿ ನಲವತ್ತು, ಗುರುವಾರ ತೂಗಿದ್ದು ಮೂವತ್ತಮೂರು.
ಕೈಲೆಕ್ಕದಲ್ಲಿ ಸರಾಸರಿ ಎಂಟು ಕಿಲೋ.
ನಿಮ್ಮದರಲ್ಲಿ ಆರೂವರೆ ಚಿಲ್ಲರೆ.

ಜೊತೆಗೊಂದು ಫೋಟೊ. ತಮಾಲೆಯಿಂದಾಚೆ ಯಾವುದೋ ಹಳ್ಳಿ,
ಮರದ ಕೊಂಬೆಗೆ ತೂಗುಹಾಕಿದ ತಕ್ಕಡಿ,
ಚಡ್ಡಿಯಂಥ ಚೀಲದಲ್ಲಿ ಕಾಲು ಬಡಿಯುವ ಕೂಸು,
ಇಡೀ ಜಗತ್ತಿನ ಮೇಲೆ ಸಿಟ್ಟು ಅದಕ್ಕೆ.

ಉಳಿದ ಏಳು ಎಲ್ಲಿ, ಕೇಳಿದೆ.
ಶಿಯಾ ಕಾಯಿ ಉದುರುವ ಕಾಲ,
ತಾಯಂದಿರು ನಸುಕಿಗೇ ಹೊರಟರು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು,
ಎಂದೆ ನೀನು.

ಹುಡುಕಿದೆ. ಸರಾಸರಿ ತೆಗೆಯುವ ಜಾಗದಲ್ಲಿ
ಇಪ್ಪತ್ತೆರಡು ವರ್ಷ ಯಾರೂ ಮುಟ್ಟದ ಸಾಲು:
ಪಟ್ಟಿಯ ಮನೆ ಖಾಲಿಯಿದ್ದರೆ ಸೊನ್ನೆ ಎಂದುಕೊ.
ಪಕ್ಕದಲ್ಲೇ ವೆಲ್ಲೊ ಬರೆದ ಟಿಪ್ಪಣಿ:
ಸರಿಯಾಗಿದೆ, ಕೈ ಹಾಕಬೇಡಿ.

ವೆಲ್ಲೊ ಸುಳ್ಳು ಹೇಳುವವನಲ್ಲ.
ಅವನು ಇದನ್ನು ಬರೆದದ್ದು ಪೈನ್ ಸಸಿಗಳಿಗಾಗಿ.
ಸಾಲಿಗೆ ನಲವತ್ತು ನೆಟ್ಟು, ವಸಂತ ಬಂದೊಡನೆ
ಅಳತೆಗೋಲು ಹಿಡಿದು ಮೊಣಕಾಲುದ್ದ ಕೆಸರಲ್ಲಿ ನಡೆಯುತ್ತಿದ್ದ.
ಅವನ ತೋಪಿನಲ್ಲಿ ಖಾಲಿ ಎಂದರೆ
ಜಿಂಕೆ ಮೇಯ್ದದ್ದು, ಹಿಮ ಸುಟ್ಟದ್ದು,
ಸತ್ತದ್ದು. ಸೊನ್ನೆ ಎಂದರೆ ಸೊನ್ನೆಯೇ.

ನಿನ್ನ ಪಟ್ಟಿಯಲ್ಲಿ ಖಾಲಿ ಎಂದರೆ
ಅಮ್ಮನ ಬೆನ್ನ ಮೇಲೆ ನಿದ್ದೆ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದು ಕೇಳಿದ ಮಾತು.
ಇಲ್ಲಿ ಆದದ್ದು ಅದರ ತಿರುವುಮುರುವು:
ಬಾರದೇ ಇದ್ದವರನ್ನು ಹಿಡಿದು ತಂದು
ಗಾಳಿಯಷ್ಟೂ ತೂಕವಿಲ್ಲದಂತೆ
ತಕ್ಕಡಿಯಲ್ಲಿ ಕೂರಿಸಿದ್ದೆವು.

ಆಮೇಲೆ ಹೆದರಿಕೆ ಹತ್ತಿತು.
ಯಾರು ಬೇಕಾದರೂ ಒಯ್ಯಿರಿ, ತಿದ್ದಿ, ಹಂಚಿ,
ಎಂದು ಬಾಗಿಲಿಗೆ ಬೀಗವನ್ನೇ ಇಡದೆ ಕೊಟ್ಟದ್ದು.
ಒಯ್ದವರು ಯಾರು, ಎಷ್ಟು ಮಂದಿ, ಯಾವ ಊರು?
ಎಣಿಸುವುದನ್ನೇ ಕಸುಬು ಮಾಡಿಕೊಂಡ ನಮಗೆ
ಆ ಒಂದು ಎಣಿಕೆ ಗೊತ್ತಿಲ್ಲ.
ನನ್ನದೇ ಡಾಕ್ಟರೇಟಿನ ಮೂರನೇ ಅಧ್ಯಾಯ,
ಬರ್ಚ್ ಮರಗಳ ಸುತ್ತಳತೆ, ಆ ಪುಟ ತೆಗೆದು ನೋಡಲು
ಎರಡು ದಿನ ಧೈರ್ಯ ಬರಲಿಲ್ಲ.
(ತಪ್ಪಿತ್ತು. ಸ್ವಲ್ಪ.)

ಪರವಾನಗಿಯ ಕೊನೆಗೆ ದಪ್ಪಕ್ಷರದಲ್ಲಿದೆ:
ಇದಕ್ಕೆ ಯಾವ ಖಾತರಿಯೂ ಇಲ್ಲ.
ವಕೀಲರು ಬರೆಸಿದ ಮಾತು. ಅದನ್ನು ನಂಬಿ
ನಿದ್ದೆ ಮಾಡಬಹುದಿತ್ತು.

ತಿದ್ದಿದ್ದು ಒಂದೇ ಸಾಲು.
ಸಾವಿರದ ನಾನೂರ ಹನ್ನೆರಡು ಪರೀಕ್ಷೆ ಓಡಿಸಿದೆ.
ಒಂದು ಮಾತ್ರ ಕೆಂಪಾಯಿತು: ವೆಲ್ಲೊನದು,
ಖಾಲಿ ಸೊನ್ನೆಯೇ ಆಗಬೇಕೆಂದು ಹಟ ಹಿಡಿದದ್ದು.
ನಾಲ್ಕು ವರ್ಷವಾಯಿತು ಅವನನ್ನು ಮಣ್ಣು ಮಾಡಿ;
ವಾದಕ್ಕೆ ಇನ್ನೂ ಸಿದ್ಧ.
ಅಳಿಸಲು ಕೈ ಬರಲಿಲ್ಲ.
ಅವನ ಸಸಿಗಳು ಸತ್ತದ್ದೂ ನಿಜ ತಾನೆ.
ಹಾಗಾಗಿ ಈಗ ಪ್ರೋಗ್ರಾಮು ನಿಂತು ಕೇಳುತ್ತದೆ:
ಇಲ್ಲಿ ಏನೂ ಇಲ್ಲವೋ, ನಿನಗೆ ಗೊತ್ತಿಲ್ಲವೋ?
ಹೇಳುವ ತನಕ ಮುಂದೆ ಹೆಜ್ಜೆ ಇಡದು.
ಜನ ಗೊಣಗುತ್ತಿದ್ದಾರೆ. ಗೊಣಗಲಿ.

ಕಟ್ಟಿದವರ ಪಟ್ಟಿಯಲ್ಲಿ ವೆಲ್ಲೊ ಕೆಳಗೆ
ನಿನ್ನ ಹೆಸರು ಸೇರಿಸಿದ್ದೇನೆ.
ನಾನು ಒಂದಕ್ಷರ ಕೋಡ್ ಬರೆದಿಲ್ಲವಲ್ಲ, ಎಂದೆ.
ತಕ್ಕಡಿಯನ್ನು ನಂಬಿದೆಯಲ್ಲ, ನಮ್ಮನ್ನು ನಂಬದೆ.

ಮುಂದಿನ ಗುರುವಾರ ಬರೆದೆ: ಐದು ಕೂಸು ಬಂದವು,
ಎಲ್ಲಕ್ಕೂ ನೆಗಡಿ, ತೂಕ ಪರವಾಗಿಲ್ಲ.
ಉಳಿದೆರಡರ ಮಾತು ಅದರಲ್ಲಿರಲಿಲ್ಲ.
ನಾನೂ ಕೇಳಲಿಲ್ಲ.
ಕಿಟಕಿಯಾಚೆ ಬೆಳಕೂ ಅಲ್ಲದ್ದು, ಕತ್ತಲೂ ಅಲ್ಲದ್ದು.
ಎರಡು ಮನೆ ಖಾಲಿ ಬಿಟ್ಟು
ಮಲಗಿದೆ.